ಶಟರ್ ಒಂದೇ, ರೇಟು ಮೂರು: ಕಾರ್ ಶೆಡ್ ರಿಪೇರಿಗೆ ನಿಜಕ್ಕೂ ಎಷ್ಟು ಖರ್ಚಾಗುತ್ತದೆ?

ಪ್ರಶ್ನೆ: ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಅರ್ಧ ಕಿಲೋಮೀಟರ್ ದೂರ. ಕಾರ್ ಶೆಡ್ಡಿಗೆ 10 ಅಡಿ ಅಗಲ, 8 ಅಡಿ ಎತ್ತರದ ರೋಲಿಂಗ್ ಶಟರ್ ಉಂಟು. ಹಾಕಿಸಿ 9 ವರ್ಷ ಆಯಿತು. ಹೋದ ವಾರ ರಾತ್ರಿ ಶೆಡ್ಡಿನ ಕಡೆಯಿಂದ 'ಢಬ್' ಅಂತ ಸದ್ದು ಕೇಳಿತು. ಬೆಳಿಗ್ಗೆ ಎತ್ತಲು ಹೋದರೆ ಶಟರ್ ಅಲ್ಲಾಡಲಿಲ್ಲ, ಅಷ್ಟು ಭಾರ. ದಿನಾ ಎತ್ತುವುದು ನಮ್ಮ ಅಪ್ಪ, ಅವರಿಗೆ 72. ಮೂವರನ್ನು ಕರೆಸಿ ತೋರಿಸಿದೆವು. ಒಬ್ಬರು 1,500 ರೂಪಾಯಿ ಅಂದರು, ಇನ್ನೊಬ್ಬರು 9,500, ಮೂರನೆಯವರು ಮೋಟಾರ್ ಸಮೇತ ಹೊಸದು ಹಾಕಲು 46,000. ಒಂದೇ ಶಟರ್‌ಗೆ ಇಷ್ಟು ವ್ಯತ್ಯಾಸ ಹೇಗೆ? ಯಾರ ಮಾತು ನಂಬುವುದು?

ಉತ್ತರ: ರೇಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಪ್ಪನಿಗೆ ಹೇಳಿ, ರಿಪೇರಿ ಆಗುವ ತನಕ ಆ ಶಟರ್ ಮುಟ್ಟುವುದು ಬೇಡ. 10 ಅಡಿ, 8 ಅಡಿ ಅಂದರೆ 80 ಚದರ ಅಡಿ. ಪಟ್ಟಿ, ಬಾಟಮ್ (ಎಲ್ಲಕ್ಕಿಂತ ಕೆಳಗಿನ ಗಟ್ಟಿ ಪಟ್ಟಿ) ಎಲ್ಲ ಸೇರಿ ಸುಮಾರು 80 ಕಿಲೋ ತೂಗುತ್ತದೆ. ಇಷ್ಟು ವರ್ಷ ಅದು ಅವರ ಕೈಗೆ ಹಗುರ ಅನಿಸಿದ್ದು ಮೇಲಿನ ಪೈಪಿನಲ್ಲಿರುವ ಸ್ಪ್ರಿಂಗ್‌ಗಳಿಂದ. ಈಗ ಆ ಸ್ಪ್ರಿಂಗ್ ಹೋಗಿದೆ. ಹೇಗೋ ಎತ್ತಿದಿರಿ ಅಂತಿಟ್ಟುಕೊಳ್ಳಿ, ಅದು ಮೇಲೆ ನಿಲ್ಲುವುದಿಲ್ಲ. ಕಾರು ಒಳಗೇ ಸಿಕ್ಕಿಕೊಂಡಿದ್ದರೆ ಗಟ್ಟಿಮುಟ್ಟಾದ ನಾಲ್ಕು ಜನ ಸೇರಿ ನಿಧಾನಕ್ಕೆ ಎತ್ತಿ. ಎರಡೂ ಬದಿಗೆ ಮರದ ಗಟ್ಟಿ ಆಸರೆ ಕೊಟ್ಟು ಕಾರು ಹೊರಗೆ ತೆಗೆಯಿರಿ. ಮತ್ತೆ ಕೆಳಗಿಳಿಸಿ ಹಾಗೇ ಬಿಡಿ.

'ಢಬ್' ಅಂತ ಕೇಳಿದ್ದು ಸ್ಪ್ರಿಂಗ್ ಮುರಿದ ಸದ್ದು. ನೀವು ಅದನ್ನು ಬರೆದದ್ದು ಒಳ್ಳೆಯದಾಯಿತು, ಅರ್ಧ ಪರೀಕ್ಷೆ ಅದರಲ್ಲೇ ಮುಗಿಯಿತು. ರಾತ್ರಿಯೇ ಯಾಕೆ ಮುರಿಯಿತು ಅಂತ ಸುಮಾರು ಜನ ಕೇಳುತ್ತಾರೆ. ಶಟರ್ ಮುಚ್ಚಿರುವಾಗಲೇ ಸ್ಪ್ರಿಂಗ್ ಮೇಲೆ ಎಳೆತ ಜಾಸ್ತಿ. ಶಟರ್ ಕೆಳಗೆ ಬಂದಷ್ಟೂ ಒಳಗಿನ ಸ್ಪ್ರಿಂಗ್ ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ಹಳೇ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ. ಯಾರೂ ಮುಟ್ಟದೆ, ಎಲ್ಲರೂ ಮಲಗಿದ ಹೊತ್ತಿಗೆ ಅದು ಇಡೀ ಭಾರ ಹಿಡಿದುಕೊಂಡೇ ಇರುತ್ತದೆ.

ನಿಮ್ಮ ಅಳತೆಯ ಶಟರ್‌ನಲ್ಲಿ ಸಾಮಾನ್ಯವಾಗಿ ಮೇಲಿನ ಪೈಪಿಗೆ ಹಾಕಿದ ಮೂರೋ ನಾಲ್ಕೋ ಪುಲ್ಲಿ, ಅಂದರೆ ಡಬ್ಬಿಯಂಥ ಚಕ್ರಗಳು, ಇರುತ್ತವೆ, ಪ್ರತಿ ಪುಲ್ಲಿಯೊಳಗೆ ಒಂದು ಸ್ಪ್ರಿಂಗ್. ಒಂದೇ ಮುರಿದರೆ ಭಾರ ಗೊತ್ತಾಗುತ್ತದೆ, ಆದರೂ ಇಬ್ಬರು ಸೇರಿದರೆ ಎತ್ತಬಹುದು. ಅಲ್ಲಾಡಲೇ ಇಲ್ಲ ಅಂದರೆ ಎರಡಾದರೂ ಹೋಗಿರಬೇಕು, ಇಲ್ಲವೇ ಮುರಿದ ತುಂಡು ಪುಲ್ಲಿಯೊಳಗೆ ಅಡ್ಡ ಸಿಕ್ಕಿರಬೇಕು. ಮೂರನೆಯ ಕಾರಣವೂ ಇರಬಹುದು: ಪಟ್ಟಿಗಳು ಜಾರುವ ಬದಿಯ ಚಾನೆಲ್‌ನಲ್ಲಿ ತುಕ್ಕು ಉಬ್ಬಿ ಪಟ್ಟಿಗಳು ಕಚ್ಚಿಕೊಂಡಿರುವುದು. ಕಡಲ ಬದಿಯ ಮನೆಗಳಲ್ಲಿ ಇದು ಬಹಳ ಮಾಮೂಲು. ನಿಮ್ಮ ಖರ್ಚು ಹೆಚ್ಚೋ ಕಡಿಮೆಯೋ ಅಂತ ತೀರ್ಮಾನ ಆಗುವುದು ಈ ತುಕ್ಕಿನಿಂದಲೇ.

ಈಗ ಆ ಮೂರು ರೇಟು ನೋಡೋಣ.

1,500 ರೂಪಾಯಿಯವರು ಏನು ಮಾಡುತ್ತಾರೆ ಅಂತ ನಾನು ಇಲ್ಲಿಂದಲೇ ಹೇಳಬಲ್ಲೆ. ಮೇಲಿನ ಕವರ್ ಬಿಚ್ಚುತ್ತಾರೆ, ಎಣ್ಣೆ ಬಿಡುತ್ತಾರೆ. ಪೈಪ್ ರೆಂಚ್ ಹಾಕಿ ಪೈಪನ್ನು ಒಂದು ಸುತ್ತು ಹೆಚ್ಚಿಗೆ ತಿರುಗಿಸಿ ಬಿಗಿ ಮಾಡುತ್ತಾರೆ. ಉಳಿದ ಸ್ಪ್ರಿಂಗ್‌ಗಳು ಮುರಿದದ್ದರ ಪಾಲನ್ನೂ ಹೊತ್ತುಕೊಳ್ಳುತ್ತವೆ. ಶಟರ್ ಮೇಲೆ ಹೋಗುತ್ತದೆ, ನಿಮಗೆ ಖುಷಿಯಾಗುತ್ತದೆ. ಆದರೆ 9 ವರ್ಷ ದುಡಿದ ಸ್ಪ್ರಿಂಗ್ ಅಷ್ಟು ಬಿಗಿ ತಾಳುವುದಿಲ್ಲ. ತಿಂಗಳೋ ಎರಡು ತಿಂಗಳೋ, ಮತ್ತೆ 'ಢಬ್'. ಆಗ ಶಟರ್ ಮೇಲಿದ್ದು ಅಪ್ಪ ಕೆಳಗೆ ಎಳೆಯುತ್ತಿದ್ದರೆ ಏನು ಗತಿ? ಹೊಸ ಶಟರ್‌ನ ಸ್ಪ್ರಿಂಗ್ ಸ್ವಲ್ಪ ಸಡಿಲ ಆಗಿದ್ದರೆ ಈ ಬಿಗಿ ಮಾಡುವ ಕೆಲಸ ಸರಿಯೇ. ಮುರಿದ ಮೇಲೆ ಸರಿಯಲ್ಲ.

46,000ದವರು ಮೋಸ ಮಾಡುತ್ತಿದ್ದಾರೆ ಅಂತಲೂ ನಾನು ಹೇಳುವುದಿಲ್ಲ. ನಮ್ಮ ಕಡೆ ಜಿಐ (ಸತು ಲೇಪಿಸಿದ ತಗಡಿನ) ಶಟರ್ ಹೊಸದಾಗಿ ಹಾಕಲು ಚದರ ಅಡಿಗೆ 250ರಿಂದ 300 ರೂಪಾಯಿ ಹಿಡಿಯಿರಿ. ತಗಡಿನ ದಪ್ಪ, ಬಣ್ಣ ನೋಡಿ ಹೆಚ್ಚುಕಡಿಮೆ ಆಗುತ್ತದೆ. 80 ಚದರ ಅಡಿಗೆ 20,000ದಿಂದ 24,000 ಆಯಿತು. ಮೋಟಾರ್, ರಿಮೋಟ್, ವೈರಿಂಗ್ ಸೇರಿ ಇನ್ನೊಂದು 20,000ದ ಮೇಲೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ನಿಮ್ಮ ಸಮಸ್ಯೆ ಸ್ಪ್ರಿಂಗ್‌ನದ್ದು. ಕೈ ಬೆರಳು ಮುರಿದರೆ ಇಡೀ ತೋಳಿಗೆ ಬ್ಯಾಂಡೇಜು ಕಟ್ಟುವುದಿಲ್ಲ ಅಲ್ವಾ? ಪಟ್ಟಿಗಳೇ ತಿಂದುಹೋಗಿದ್ದರೆ ಮಾತ್ರ ಆ ದಾರಿ.

ಹಾಗಾಗಿ 9,500ದವರ ಮಾತೇ ಹತ್ತಿರ. ಆದರೆ ಅದರಲ್ಲಿ ಏನೇನು ಸೇರಿದೆ ಅಂತ ಬಿಡಿಸಿ ಕೇಳಬೇಕು. ನಾನು ಬಿಡಿಸಿ ತೋರಿಸುತ್ತೇನೆ. ಒಳ್ಳೆಯ ಸ್ಪ್ರಿಂಗ್ ಒಂದಕ್ಕೆ 1,000ದಿಂದ 1,500. ನಿಮ್ಮದರಲ್ಲಿ ನಾಲ್ಕಿವೆ ಅಂತಿಟ್ಟುಕೊಳ್ಳಿ, 4,000ದಿಂದ 6,000. ಇಬ್ಬರ ಕೂಲಿ, ಮುಕ್ಕಾಲು ದಿನದ ಕೆಲಸ, 2,500ರಿಂದ 3,500. ಅವರು ಉಡುಪಿಯಿಂದ ಬಂದರೆ ಓಡಾಟದ ಖರ್ಚು ಕಡಿಮೆ. ಮಂಗಳೂರಿನಿಂದ ಬಂದರೆ ಪೆಟ್ರೋಲು, ಹೆಜಮಾಡಿ ಟೋಲು ಎಲ್ಲ ನಿಮ್ಮ ಬಿಲ್ಲಿಗೇ ಸೇರುತ್ತದೆ. ಬಿಲ್ ಬೇಕು ಅಂದರೆ 18 ಶೇಕಡಾ ಜಿಎಸ್‌ಟಿ ಬೇರೆ. 9,500ರ ಮೇಲೆ 1,710 ಸೇರಿದರೆ 11,210. 'ಜಿಎಸ್‌ಟಿ ಒಳಗೋ ಹೊರಗೋ' ಅಂತ ಮೊದಲೇ ಕೇಳಿಬಿಡಿ. ಕೆಲಸ ಮುಗಿದ ಮೇಲೆ ಜಗಳ ಆಗುವುದು ಹೆಚ್ಚಾಗಿ ಇದೇ ವಿಷಯಕ್ಕೆ.

'ಮುರಿದದ್ದು ಒಂದೋ ಎರಡೋ, ನಾಲ್ಕೂ ಯಾಕೆ ಬದಲಾಯಿಸಬೇಕು' ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ಕೂಲಿಯಲ್ಲಿದೆ. ಸ್ಪ್ರಿಂಗ್ ಬದಲಾಯಿಸಲು ಮೊದಲು ಎಳೆತ ಬಿಡಿಸಬೇಕು. ಆಮೇಲೆ ಪಟ್ಟಿಗಳ ಪರದೆಯನ್ನು ಪುಲ್ಲಿಯಿಂದ ಕಳಚಬೇಕು, ಪೈಪನ್ನು ಅದನ್ನು ಹೊತ್ತ ಗೋಡೆಯ ಬ್ರಾಕೆಟ್‌ನಿಂದ ಕೆಳಗಿಳಿಸಬೇಕು. ಆಮೇಲೆ ಪುಲ್ಲಿಗಳನ್ನು ಒಂದೊಂದಾಗಿ ಪೈಪಿನಿಂದ ಹೊರಗೆಳೆಯಬೇಕು. 9 ವರ್ಷದ ತುಕ್ಕು ಹಿಡಿದ ಪುಲ್ಲಿ ಸುಲಭಕ್ಕೆ ಜಾರುವುದಿಲ್ಲ, ಬಡಿದು ಬಡಿದು ತೆಗೆಯಬೇಕು. ಒಂದು ಸ್ಪ್ರಿಂಗ್ ಹಾಕಿದರೂ ಇಷ್ಟು ಕೆಲಸ ಉಂಟು, ನಾಲ್ಕು ಹಾಕಿದರೂ ಇಷ್ಟೇ. ಒಟ್ಟಿಗೆ ಹಾಕಿದ ಸ್ಪ್ರಿಂಗ್‌ಗಳು ಒಟ್ಟಿಗೇ ದುಡಿದಿವೆ. ಉಳಿದವು ಈ ಮಳೆಗಾಲ ದಾಟಿದರೆ ದೊಡ್ಡದು. ಎರಡನೇ ಸಲ ಪೈಪ್ ಇಳಿಸುವ ಕೂಲಿ ಕೊಡುವ ಬದಲು ಈಗಲೇ ಎಲ್ಲವನ್ನೂ ಹೊಸದು ಮಾಡಿಸಿ. ಇದರಲ್ಲಿ ಉಳಿತಾಯ ನಿಮ್ಮದೇ.

ಇನ್ನು ತುಕ್ಕಿನ ಮಾತು. ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ನೋಡಿದ್ದು ಇದನ್ನೇ.

ಕೆಲವು ವರ್ಷದ ಹಿಂದೆ ಸುರತ್ಕಲ್ ಹತ್ತಿರ ಒಂದು ಮನೆಗೆ ಹೋಗಿದ್ದೆ. ಅವರದ್ದೂ ನಿಮ್ಮದೇ ದೂರು, ಸ್ಪ್ರಿಂಗ್ ಮುರಿದದ್ದು. ಶಟರ್‌ಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ನೋಡಲು ಅಂದವಾಗಿತ್ತು. ನಾನು ಕೂತು ಬಾಟಮ್ ಪಟ್ಟಿಯ ಕೆಳ ಅಂಚಿಗೆ ಸ್ಕ್ರೂಡ್ರೈವರ್ ತುದಿ ಒತ್ತಿದೆ. ಒತ್ತಿದ್ದು ಅಷ್ಟೇ, ತುದಿ ಹಲಸಿನ ಹಣ್ಣಿಗೆ ಕತ್ತಿ ಇಳಿದ ಹಾಗೆ ಒಳಗೆ ಹೋಯಿತು. ಹೊರಗೆ ತೆಗೆದಾಗ ಕೆಂಪು ಪುಡಿ ಉದುರಿತು. ಬಣ್ಣದ ಪದರ ಮಾತ್ರ ಉಳಿದಿತ್ತು, ಹಿಂದೆ ಕಬ್ಬಿಣ ಇರಲಿಲ್ಲ. ಮನೆಯ ಅಮ್ಮ ಅದನ್ನು ನೋಡಿ ಮಾತೇ ಆಡಲಿಲ್ಲ. ಹೋದ ವರ್ಷವಷ್ಟೇ ಬಣ್ಣಕ್ಕೆ ದುಡ್ಡು ಸುರಿದಿದ್ದರು.

ನೀವೂ ಈ ಪರೀಕ್ಷೆ ಮಾಡಿ. ಬಾಟಮ್‌ನ ಕೆಳ ಅಂಚು, ಎರಡೂ ಬದಿಯ ಚಾನೆಲ್‌ನ ಕೊನೆಯ ಅರ್ಧ ಅಡಿ, ಕೆಳಗಿನ ನಾಲ್ಕು ಪಟ್ಟಿಗಳ ಕೊಕ್ಕೆ ಸೇರುವ ಜಾಗ. ಇಷ್ಟು ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ನಮ್ಮಲ್ಲಿ ಮಳೆ ಅಂದರೆ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು, ಅದೂ ಹೆಚ್ಚಿನದು ನಾಲ್ಕು ತಿಂಗಳಲ್ಲಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಡಲ ಕಡೆಯಿಂದ ಗಾಳಿ ಬೀಸಿದರೆ ನೀರು ಅಡ್ಡಕ್ಕೆ ಹೊಡೆಯುತ್ತದೆ. ಅಂಗಳದ ನೀರು ಚಾನೆಲ್‌ನ ಬುಡದಲ್ಲಿ ನಿಲ್ಲುತ್ತದೆ. ಮಳೆ ನಿಂತ ಮೇಲೆ ಉಪ್ಪುಗಾಳಿಯ ಸರದಿ. ಅದಕ್ಕೇ ಇಲ್ಲಿಯ ಶಟರ್ ಬುಡದಿಂದ ಸಾಯುತ್ತದೆ, ಮೇಲಿನಿಂದಲ್ಲ.

ಸ್ಕ್ರೂಡ್ರೈವರ್ ಬಾಟಮ್‌ನಲ್ಲಿ ಮಾತ್ರ ಇಳಿದರೆ ಬಾಟಮ್ ಮತ್ತು ಒಂದೆರಡು ಪಟ್ಟಿ ಬದಲಾಯಿಸಿದರೆ ಸಾಕು. ಇನ್ನೊಂದು 2,000ದಿಂದ 3,500 ಸೇರಿಸಿ. ಚಾನೆಲ್‌ನ ಬುಡ ಹೋಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ತುಂಡು ಜೋಡಿಸಬಹುದು. ತುಕ್ಕು ಮೊಣಕಾಲಿನ ಮಟ್ಟ ದಾಟಿ ಮೇಲೇರಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. ಆಗ ಹೊಸ ಶಟರ್ ಹಾಕಿಸುವುದೇ ಲಾಭ. ನನ್ನ ಮಟ್ಟಿಗೆ ಒಂದು ಲೆಕ್ಕ ಉಂಟು: ರಿಪೇರಿಯ ಒಟ್ಟು ಖರ್ಚು ಮೋಟಾರ್ ಇಲ್ಲದ ಹೊಸ ಶಟರ್‌ನ ಅರ್ಧ ದಾಟಿದರೆ, ನಾನು ಹೊಸದೇ ಹಾಕಿಸಿ ಅನ್ನುತ್ತೇನೆ. ನಿಮ್ಮದಕ್ಕೆ ಆ ಗೆರೆ ಸುಮಾರು 12,000.

ವೆಲ್ಡಿಂಗ್ ಮಾಡಿಸುವವರು ಒಂದು ವಿಷಯ ಗಮನದಲ್ಲಿಡಿ. ಜಿಐ ತಗಡನ್ನು ತುಕ್ಕಿನಿಂದ ಕಾಪಾಡುವುದು ಅದರ ಮೇಲಿನ ಸತುವಿನ ತೆಳು ಪದರ. ಸತು 419 ಡಿಗ್ರಿಗೇ ಕರಗುತ್ತದೆ, ವೆಲ್ಡಿಂಗ್‌ನ ಬಿಸಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ವೆಲ್ಡ್ ಹೊಡೆದ ಸುತ್ತ ಸತು ಸುಟ್ಟು ಹೋಗಿ ಬರೀ ಕಬ್ಬಿಣ ಉಳಿಯುತ್ತದೆ. ಮುಂದಿನ ಜೂನ್‌ನಲ್ಲಿ ಮೊದಲು ಕೆಂಪಾಗುವುದು ಆ ಜಾಗವೇ. ವೆಲ್ಡ್ ಆದ ಕೂಡಲೇ ಬ್ರಷ್‌ನಲ್ಲಿ ಉಜ್ಜಿ, ಸತು ಹೆಚ್ಚಿರುವ ಪ್ರೈಮರ್ ಹಚ್ಚಬೇಕು. ಡಬ್ಬಿಗೆ ಕೆಲವು ನೂರು ರೂಪಾಯಿ. ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಕೆಲಸದವರು ತರದಿದ್ದರೆ ನೀವೇ ತಂದಿಡಿ. ಎದುರು ನಿಂತು ಹಚ್ಚಿಸಿ.

ನಿಮ್ಮ ಶೆಡ್ಡಿನ ಗೋಡೆ ಕೆಂಪುಕಲ್ಲಿನದ್ದಾ? ನೀವು ಬರೆದಿಲ್ಲ, ಆದರೆ ನಮ್ಮ ಕಡೆ ಹೆಚ್ಚಿನವು ಹಾಗೇ. ಹಾಗಿದ್ದರೆ ಚಾನೆಲ್ ಮತ್ತು ಬ್ರಾಕೆಟ್ ಗೋಡೆಗೆ ಹಿಡಿದಿರುವ ಜಾಗ ನೋಡಿ. ಕೆಂಪುಕಲ್ಲು ಮೆತ್ತಗೆ, ಒಳಗೆ ತೂತು ತೂತು. ಕಾಂಕ್ರೀಟ್‌ನಲ್ಲಿ ಕಚ್ಚಿಕೊಳ್ಳುವ ಆಂಕರ್ ಬೋಲ್ಟ್ ಅದರಲ್ಲಿ ಕಚ್ಚುವುದಿಲ್ಲ. ಶಟರ್ ದಿನಾ ಅದುರಿದ ಹಾಗೆ ತೂತು ದೊಡ್ಡದಾಗುತ್ತದೆ, ಬುಡದಲ್ಲಿ ಕೆಂಪು ಹುಡಿ ಬೀಳುತ್ತದೆ. ಆ ಹುಡಿ ಕಂಡರೆ ಬೋಲ್ಟ್ ಸಡಿಲ ಅಂತಲೇ ಅರ್ಥ. ಅದನ್ನು ಮತ್ತೆ ಬಿಗಿ ಮಾಡಿ ಪ್ರಯೋಜನ ಇಲ್ಲ. ಅಲ್ಲಿ ಕಲ್ಲು ಸ್ವಲ್ಪ ಕೊರೆದು ತೆಗೆದು, ಹೋಲ್ಡ್‌ಫಾಸ್ಟ್ (ಗೋಡೆಯೊಳಗೆ ಹೂತು ಹಿಡಿಸುವ ಕಬ್ಬಿಣದ ಪಟ್ಟಿ) ಇಟ್ಟು ಕಾಂಕ್ರೀಟ್ ತುಂಬಬೇಕು. ಕೆಲವು ದಿನ ನೀರು ಹಾಕಿ ಚೆನ್ನಾಗಿ ಗಟ್ಟಿಯಾಗಲು ಬಿಟ್ಟು ಆಮೇಲೆ ಶಟರ್ ಕೆಲಸ. ಇದರಿಂದ ಕೂಲಿ ಜಾಸ್ತಿ ಆಗುತ್ತದೆ, ನಿಜ. ಆದರೆ 80 ಕಿಲೋ ತೂಗುವ ವಸ್ತು ಆ ಎರಡು ಬ್ರಾಕೆಟ್ ಮೇಲೆ ಕೂತಿದೆ, ಅದರ ಕೆಳಗೆ ಮಕ್ಕಳು ಓಡಾಡುತ್ತಾರೆ. ಇಲ್ಲಿ ಚೌಕಾಸಿ ಬೇಡ.

ಹೊಸ ಶಟರ್ ಅಂತ ತೀರ್ಮಾನ ಆದರೆ ಗೇಜಿನ, ಅಂದರೆ ತಗಡಿನ ದಪ್ಪದ ಅಳತೆಯ, ಮಾತು ಬರುತ್ತದೆ. ಗೇಜಿನ ಅಂಕೆ ದೊಡ್ಡದಾದಷ್ಟೂ ತಗಡು ತೆಳ್ಳಗೆ. 20 ಗೇಜ್ ಅಂದರೆ ಸುಮಾರು 0.9 ಮಿಲಿಮೀಟರ್, 18 ಗೇಜ್ ಅಂದರೆ ಸುಮಾರು 1.2. 3.5 ಮೀಟರ್ ಅಗಲದ ತನಕದ ಶಟರ್‌ಗೆ 0.9 ಮಿಲಿಮೀಟರ್‌ಗಿಂತ ತೆಳುವಾದ ತಗಡು ಬಳಸಬಾರದು ಅನ್ನುವುದು ಸರ್ಕಾರಿ ಕಟ್ಟಡಗಳ ಕೆಲಸದಲ್ಲಿ ಇರುವ ನಿಯಮ. ನಿಮ್ಮದು 10 ಅಡಿ, ಅಂದರೆ 3 ಮೀಟರ್ ಚಿಲ್ಲರೆ. 20 ಗೇಜ್ ಸಾಕು. ಆದರೆ ಕೊಟೇಶನ್‌ನಲ್ಲಿ ಗೇಜ್ ಅಂತ ಬರೆಸಬೇಡಿ, ಮಿಲಿಮೀಟರ್‌ನಲ್ಲಿ ಬರೆಸಿ. ಗೇಜಿನ ಹೆಸರಲ್ಲಿ ತೆಳು ತಗಡು ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸತುವಿನ ಪದರ ಎಷ್ಟು ಅಂತಲೂ ಕೇಳಿ. ಕಡಲ ಹತ್ತಿರ ಚದರ ಮೀಟರ್‌ಗೆ 275 ಗ್ರಾಂ ಇರುವ ತಗಡು ಸಿಕ್ಕಿದರೆ ಸ್ವಲ್ಪ ದುಡ್ಡು ಹೆಚ್ಚು ಕೊಟ್ಟರೂ ತಪ್ಪಿಲ್ಲ. 120 ಗ್ರಾಂನದ್ದು ಒಳನಾಡಿಗೆ ಸರಿ, ಕಾಪುವಿಗೆ ಸಾಲದು.

ಮೋಟಾರ್ ಹಾಕಿಸಬೇಕಾ? ಅಪ್ಪನಿಗೆ 72 ಅಂದಿರಿ. ಸರಿಯಾದ ಸ್ಪ್ರಿಂಗ್ ಇರುವ ಈ ಅಳತೆಯ ಶಟರ್ ಒಂದು ಕೈಯಲ್ಲಿ ಎತ್ತುವಷ್ಟು ಹಗುರ ಇರಬೇಕು. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಶಟರನ್ನು ಸೊಂಟದ ಎತ್ತರಕ್ಕೆ ತಂದು ಕೈಬಿಡಲು ಹೇಳಿ. ಅದು ಅಲ್ಲೇ ನಿಲ್ಲಬೇಕು. ಕೆಳಗೆ ಜಾರಿದರೆ ಎಳೆತ ಕಡಿಮೆ, ತಾನಾಗಿ ಮೇಲಕ್ಕೆ ಓಡಿದರೆ ಹೆಚ್ಚು. ದುಡ್ಡು ಕೊಡುವ ಮೊದಲು ಅಪ್ಪನ ಕೈಯಲ್ಲೇ ಎತ್ತಿಸಿ ನೋಡಿ. ಅವರಿಗೆ ಸಲೀಸು ಅನಿಸಿದರೆ ಮೋಟಾರ್ ಬೇಡ. ಸೊಂಟ ನೋವೋ ಮೊಣಕಾಲು ನೋವೋ ಇದ್ದು ಬಗ್ಗಲು ಕಷ್ಟ ಅಂದರೆ ಖಂಡಿತ ಹಾಕಿಸಿ. ಆಗ ಪೈಪಿನ ಬದಿಗೆ ಕೂರಿಸುವ ಸೈಡ್ ಮೋಟಾರ್ ಕೇಳಿ. ಅದಕ್ಕೆ ಸ್ಪ್ರಿಂಗ್ ಹಂಗಿಲ್ಲ, ಕರೆಂಟ್ ಹೋದರೆ ಚೈನ್ ಎಳೆದು ಎತ್ತಬಹುದು.

ಈಗಾಗಲೇ ಮೋಟಾರ್ ಇರುವ ಓದುಗರಿಗೂ ಒಂದು ಮಾತು. ಸ್ವಿಚ್ ಒತ್ತಿದಾಗ ಮೋಟಾರ್ 'ಗುಂಯ್' ಅಂತ ಸದ್ದು ಮಾಡಿ ತಿರುಗದೆ ನಿಂತರೆ ಹೆಚ್ಚಾಗಿ ಅದನ್ನು ಶುರು ಮಾಡಿಸುವ ಕೆಪಾಸಿಟರ್ ಹೋಗಿರುತ್ತದೆ. ಕೆಲವು ನೂರು ರೂಪಾಯಿಯ ಸಾಮಾನು. 'ಮೋಟಾರೇ ಹೋಗಿದೆ' ಅಂತ ಯಾರಾದರೂ ಅಂದರೆ, ಕೆಪಾಸಿಟರ್ ಬದಲಾಯಿಸಿ ನೋಡಿದಿರಾ ಅಂತ ಕೇಳಿ. ಗೋಡೆಯ ಸ್ವಿಚ್ಚಿನಲ್ಲಿ ಓಡುತ್ತದೆ, ರಿಮೋಟ್‌ನಲ್ಲಿ ಓಡುವುದಿಲ್ಲ ಅಂದರೆ ಮೊದಲು ರಿಮೋಟ್‌ನ ಬ್ಯಾಟರಿ. ನಾಲ್ಕೈದು ಸಲ ಏರಿಸಿ ಇಳಿಸಿದ ಮೇಲೆ ನಿಂತರೆ ಮೋಟಾರ್ ಬಿಸಿಯಾಗಿದೆ ಅಷ್ಟೇ, ಅರ್ಧ ಗಂಟೆ ಬಿಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಗುಡುಗು ಸಿಡಿಲಿನ ದಿನಗಳಲ್ಲಿ ಮೋಟಾರ್‌ನ ಎಂಸಿಬಿ (ಕರೆಂಟ್ ಬೋರ್ಡಿನ ಸ್ವಿಚ್) ಕೆಳಗೆ ಮಾಡಿಡಿ. ಸಿಡಿಲಿಗೆ ಸುಟ್ಟ ಬೋರ್ಡ್ ನಾನು ಪ್ರತಿ ವರ್ಷ ನೋಡುತ್ತೇನೆ.

ಮಣಿಪಾಲ, ಕದ್ರಿ ಕಡೆಯ ಕೆಲವು ಹೊಸ ಮನೆಗಳಲ್ಲಿ ಸುತ್ತಿಕೊಳ್ಳದೆ, ಮಡಚಿ ಛಾವಣಿಯ ಅಡಿಗೆ ಹೋಗುವ ದೊಡ್ಡ ಬಾಗಿಲು ಬಂದಿವೆ. ಅವುಗಳ ಸ್ಪ್ರಿಂಗ್ ಬೇರೆ ತರದ್ದು, ಸಾಮಾನ್ಯವಾಗಿ 10,000 ಸಲ ತೆರೆದು ಮುಚ್ಚುವಷ್ಟು ಬಾಳಿಕೆ. ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷಕ್ಕೆ ಸ್ವಲ್ಪ ಕಡಿಮೆ. ಅಳತೆಗೆ ಸರಿಯಾದ ಸ್ಪ್ರಿಂಗ್ ಹೆಚ್ಚಾಗಿ ಬೆಂಗಳೂರಿನಿಂದಲೇ ತರಿಸಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟ್ ಕುಸಿದು ರಸ್ತೆ ಬಂದ್ ಆದರೆ ಅದೂ ತಡ. ಅಂಥ ಬಾಗಿಲಿನ ಸ್ಪ್ರಿಂಗ್ ಅನ್ನು ಮನೆಯವರು, ವೆಲ್ಡಿಂಗ್‌ನವರು ಯಾರೂ ಬಿಚ್ಚಲು ಹೋಗಬಾರದು. ಅದರ ಎಳೆತ ಕೈ ಮುರಿಯುವಷ್ಟು ಇರುತ್ತದೆ.

ಶಟರ್‌ಗೆ ಎಣ್ಣೆಯ ವಿಷಯ. ನಮ್ಮ ಊರಲ್ಲಿ ಬಾಗಿಲು ಕಿರುಗುಟ್ಟಿದರೆ ಕೈ ಹೋಗುವುದು ತೆಂಗಿನೆಣ್ಣೆ ಬಾಟ್ಲಿಗೆ. ಚಾನೆಲ್‌ಗೆ ಅದು ಬೇಡ, ಗ್ರೀಸೂ ಬೇಡ, ಗಾಡಿಯ ಸುಟ್ಟ ಆಯಿಲೂ ಬೇಡ. ಕೆಂಪು ಧೂಳು ಅಂಟಿ ಒಂದೇ ಬೇಸಿಗೆಯಲ್ಲಿ ಅಂಟುಮಣ್ಣು ಆಗುತ್ತದೆ. ಒಣ ಬಟ್ಟೆಯಲ್ಲಿ ಚಾನೆಲ್ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಾಟಮ್ ಮತ್ತು ಚಾನೆಲ್‌ನ ಬುಡವನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಉಪ್ಪು ಹೋಗಬೇಕಾದರೆ ನೀರೇ ಬೇಕು. ಗಲ್ಫ್‌ನಲ್ಲೋ ಮುಂಬೈಯಲ್ಲೋ ಇದ್ದು ವರ್ಷಕ್ಕೊಮ್ಮೆ ಬರುವವರು ಪಕ್ಕದ ಮನೆಯವರಿಗೆ ಕೀ ಕೊಟ್ಟು ತಿಂಗಳಿಗೆ ಎರಡು ಸಲ ಶಟರ್ ಏರಿಸಿ ಇಳಿಸಲು ಹೇಳಿ. ಹನ್ನೊಂದು ತಿಂಗಳು ಮುಚ್ಚಿಟ್ಟ ಶಟರ್, ದಿನಾ ಓಡುವ ಶಟರ್‌ಗಿಂತ ಬೇಗ ಹಾಳಾಗುತ್ತದೆ.

ಈಗ ನೀವು ಮಾಡಬೇಕಾದ್ದು ಇಷ್ಟು. ಮೊದಲು ಸ್ಕ್ರೂಡ್ರೈವರ್ ಪರೀಕ್ಷೆ. ಬುಡ ಗಟ್ಟಿ ಇದ್ದರೆ 9,500ದವರಿಗೆ ಫೋನ್ ಮಾಡಿ. ಎಷ್ಟು ಸ್ಪ್ರಿಂಗ್ ಹಾಕುತ್ತೀರಿ, ಬಾಟಮ್ ಸೇರಿದೆಯಾ, ಜಿಎಸ್‌ಟಿ ಸೇರಿದೆಯಾ, ಸ್ಪ್ರಿಂಗ್‌ಗೆ ಎಷ್ಟು ತಿಂಗಳ ಗ್ಯಾರಂಟಿ ಅಂತ ಕೇಳಿ. ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಲು ಹೇಳಿ. ನಾಲ್ಕೂ ಸ್ಪ್ರಿಂಗ್ ಹೊಸದು ಅಂತ ಅವರು ಬರೆದು ಕೊಟ್ಟರೆ 500 ರೂಪಾಯಿಗಾಗಿ ಎಳೆದಾಡಬೇಡಿ, ಕೆಲಸ ಕೊಟ್ಟುಬಿಡಿ. ಹಳೆಯ ಸ್ಪ್ರಿಂಗ್‌ಗಳನ್ನು ನಿಮ್ಮ ಅಂಗಳದಲ್ಲೇ ಇಟ್ಟು ಹೋಗಲು ಹೇಳಿ. ನಾಲ್ಕು ಇದೆಯಾ ಅಂತ ಎಣಿಸಿ, ಆಮೇಲೆ ದುಡ್ಡು ಕೊಡಿ.